ಗೇರ್ ಬಿಚ್ಚಿಸುವ ಖರ್ಚು

ಗೇರ್ ಇಲ್ಲದ ಸೈಕಲ್ ಅಗ್ಗ ಇರಬೇಕು, ಅಲ್ವಾ? ಬೆಂಗಳೂರಿನ ಶೋರೂಮುಗಳಲ್ಲಿ ಲೆಕ್ಕ ಉಲ್ಟಾ. ರಿಮ್ಮಿಗೆ ಕಿತ್ತಳೆ ಬಣ್ಣ ಬಳಿದು ‘ಸಿಂಗಲ್ ಸ್ಪೀಡ್’ ಅಂತ ಬರೆದರೆ ಸಾಕು, ಬೆಲೆ ಗೇರ್ ಸೈಕಲ್ಲನ್ನೂ ದಾಟುತ್ತದೆ.

“ನಮ್ಮ ಅಟ್ಲಾಸ್‌ಗೆ ಯಾವತ್ತು ಗೇರಿತ್ತು?” ಅಂದರು ಅಪ್ಪ. ಆ ಅಟ್ಲಾಸ್ ಗುಜರಿಗೆ ಹೋಗಿ ಕಾಲವಾಯಿತು. ಕಂಪನಿಯ ಸಾಹಿಬಾಬಾದ್ ಕಾರ್ಖಾನೆಯೂ 2020ರ ಜೂನ್ 3ರಂದು ಬಾಗಿಲು ಹಾಕಿತು. ಅವತ್ತು ವಿಶ್ವ ಸೈಕಲ್ ದಿನ. ಮುಹೂರ್ತ ಇಡಿಸಿಯೇ ಮುಚ್ಚಿದ ಹಾಗಿದೆ!

ಕೊನೆಗೆ ಪಕ್ಕದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಧೂಳು ತಿನ್ನುತ್ತಿದ್ದ ಗೇರ್ ಸೈಕಲ್ಲೊಂದನ್ನು ಮೂರು ಸಾವಿರಕ್ಕೆ ಕೊಂಡು, ಗೇರ್ ಬಿಚ್ಚಿಸಲು ಸೈಕಲ್ ಶಾಪಿಗೆ ಒಯ್ದೆ.

“ಇದು ಕೆಟ್ಟಿಲ್ಲ ಸಾರ್,” ಅಂದರು ಮೆಕ್ಯಾನಿಕ್.

“ಗೊತ್ತು. ಬಿಚ್ಚಿ.”

“ಬಿಚ್ಚೋಕೂ ದುಡ್ಡಾಗುತ್ತೆ.”

ಬಿಚ್ಚಿದರು. ಚೈನ್ ಜೋತು ಬಿತ್ತು. ಹಾಲಿನವರ ಸೈಕಲ್ಲಿನಲ್ಲಿ ಹಿಂದಿನ ಆಕ್ಸಲ್ ಕೂರುವ ಸಂದು ಅಡ್ಡಕ್ಕಿರುತ್ತದೆ. ಚೈನ್ ಸಡಿಲಾದರೆ ಚಕ್ರವನ್ನು ಒಂಚೂರು ಹಿಂದಕ್ಕೆಳೆದು ನಟ್ಟು ಬಿಗಿದರಾಯಿತು. ನನ್ನದರಲ್ಲಿ ಆ ಸಂದು ನೆಟ್ಟಗೆ ಕೆಳಕ್ಕೆ. ಚಕ್ರ ಜಪ್ಪಯ್ಯ ಅಂದರೂ ಹಿಂದೆ ಸರಿಯದು. ಚೈನನ್ನೇ ಗಿಡ್ಡ ಮಾಡೋಣವೆಂದರೆ ಕೊಂಡಿಗಳನ್ನು ಜೋಡಿಯಾಗಿ ತೆಗೆಯಬೇಕು, ಒಂದು ಸಲಕ್ಕೆ ಒಂದಿಂಚು. ತೆಗೆದರೆ ಸಾಲದು, ಬಿಟ್ಟರೆ ಜಾಸ್ತಿ.

ಮೆಕ್ಯಾನಿಕ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಬಿಚ್ಚಿಟ್ಟಿದ್ದ ಡಿರೇಲರನ್ನೇ, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗವನ್ನೇ, ಮತ್ತೆ ಹಾಕಿದರು. ಸ್ಕ್ರೂ ಬಿಗಿದು ಒಂದೇ ಕಡೆ ನಿಲ್ಲಿಸಿದರೆ ಅದು ಚೈನನ್ನು ಎಳೆದು ಹಿಡಿಯುತ್ತದಂತೆ. ಹಿಡಿಯಿತು ಕೂಡ. ರಿಟೈರ್ ಆದವರನ್ನು ಮರುದಿನವೇ ಕಾಂಟ್ರ್ಯಾಕ್ಟ್ ಮೇಲೆ ಕರೆಸಿಕೊಂಡ ಹಾಗೆ. ಬಿಚ್ಚಿದ್ದಕ್ಕೊಂದು ಚಾರ್ಜು, ಹಾಕಿದ್ದಕ್ಕೊಂದು.

ಫ್ರೀವೀಲಿಗೆ 18 ಹಲ್ಲು ಸಾಕು ಅಂದಿದ್ದೆ. “16 ಹಾಕಿಸಿ ಸಾರ್, ಸ್ಪೀಡ್ ಬರುತ್ತೆ!” ಮುಂದೆ 44 ಹಲ್ಲು, ಹಿಂದೆ 16. ಪೆಡಲ್ ಒಂದು ಸುತ್ತಿಗೆ ಚಕ್ರ ಎರಡೂಮುಕ್ಕಾಲು ಸುತ್ತು. ಜಯನಗರದ ಸಮತಟ್ಟು ರಸ್ತೆಯಲ್ಲಿ ಸುಖವೋ ಸುಖ. ದೊಡ್ಡ ಬಸವಣ್ಣನ ಗುಡಿಯ ಏರಿನಲ್ಲಿ ಆ ಎರಡೂಮುಕ್ಕಾಲೂ ಮಂಡಿಗೇ ಬರುತ್ತದೆ. ಹಿಂದಿನಿಂದ ಬಸ್ಸಿನ ಹಾರನ್. ಇಳಿದು ತಳ್ಳತೊಡಗಿದೆ.

ಸ್ಕೂಲ್ ಬ್ಯಾಗಿನ ಹುಡುಗನೊಬ್ಬ ಜೊತೆಗೇ ನಡೆದು ಬಂದ. “ಅಂಕಲ್, ಲೋ ಗೇರ್ ಹಾಕಿ.”

“ಗೇರಿಲ್ಲಪ್ಪ ಇದಕ್ಕೆ.”

“ಇದೆಯಲ್ಲ, ಇಲ್ಲಿ!” ಬಗ್ಗಿ ಡಿರೇಲರನ್ನು ಮುಟ್ಟಿಯೇ ತೋರಿಸಿದ.

ಸಂದು, ಕೊಂಡಿ, ಸ್ಕ್ರೂ ಅಂತೆಲ್ಲ ವಿವರಿಸುವಷ್ಟು ಉಸಿರು ನನ್ನಲ್ಲಿ ಉಳಿದಿರಲಿಲ್ಲ. “ಕೆಟ್ಟಿದೆ ಕಣೋ,” ಅಂದೆ.

“ಹಂಗಾದ್ರೆ ರಿಪೇರಿ ಮಾಡಿಸಿ,” ಅಂದ.