ದಾಸರ ಪದದ ಮೇಲೆ ಕ್ಲೇಮ್ ಹಾಕಿದವರೇ, ಒಮ್ಮೆ ಉತ್ತರ ಕೊಡಿ

ನಮ್ಮ ಭಜನಾ ಮಂಡಳಿ ಹಾಡಿದ ಪುರಂದರದಾಸರ ಪದದ ಯೂಟ್ಯೂಬ್ ವಿಡಿಯೊ ಮೇಲೆ ಒಂದು ಆಲ್ಬಂ ಕಂಪನಿ ಕ್ಲೇಮ್ ಹಾಕಿದೆ, ಅಂದರೆ ಇದರಲ್ಲಿರೋ ಧ್ವನಿ ತನ್ನದು, ಆದಾಯವೂ ತನಗೇ ಅಂತ. ನಾವು ಹಾಕಿದ ಆಕ್ಷೇಪಕ್ಕೆ ಮತ್ತೆ ತಿರಸ್ಕಾರ. "ಹಕ್ಕುದಾರರು ನಿಮ್ಮ ಆಕ್ಷೇಪವನ್ನು ಪರಿಶೀಲಿಸಿದ್ದಾರೆ, ಕ್ಲೇಮ್ ಮುಂದುವರಿಯುತ್ತದೆ." ಅಷ್ಟೇ. ಕಾರಣ ಇಲ್ಲ. ಯಾರು ನೋಡಿದರು, ಏನು ನೋಡಿದರು, ಒಂದಕ್ಷರ ಇಲ್ಲ.

ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಸಾಹಿತ್ಯಕ್ಕೆ, ಸಂಗೀತಕ್ಕೆ ಹಕ್ಕು ಇರುವುದು ಕರ್ತೃವಿನ ಜೀವಮಾನ, ಆಮೇಲೆ 60 ವರ್ಷ. ಲೆಕ್ಕ ಹಾಕಿ ನೋಡಿ. ಈ ಪದದ ಸಾಹಿತ್ಯ ಯಾರಪ್ಪನ ಸ್ವತ್ತು?

ಆ "ಪರಿಶೀಲಿಸಿದ್ದಾರೆ" ಅನ್ನೋದನ್ನು ಬೆಳಗಿನಿಂದ ಎಷ್ಟು ಸಲ ಓದಿದರೂ ಹೊಟ್ಟೆ ಉರಿಯುತ್ತೆ. ಪರಿಶೀಲಿಸಿದವರು ಯಾರು? ಕ್ಲೇಮ್ ಹಾಕಿದ ಕಂಪನಿಯೇ! ದೂರು ಕೊಟ್ಟವನೂ ಅವನೇ, ತೀರ್ಪು ಕೊಟ್ಟವನೂ ಅವನೇ, ಜಾಹೀರಾತಿನ ದುಡ್ಡು ಎಣಿಸಿಕೊಳ್ಳುವವನೂ ಅವನೇ. ಅವರ ಧ್ವನಿಗೆ ಹೊಂದಿಕೆಯಾದ ಭಾಗ ಯಾವುದು ಅಂತ ತೆಗೆದು ನೋಡಿದರೆ 0:00ರಿಂದ 0:41. ಭಜನಾ ಮಂಡಳಿಯ ಒಬ್ಬ ಹೆಂಗಸೂ ಇನ್ನೂ ಬಾಯಿ ತೆರೆದಿಲ್ಲ. ಬರೀ ಶ್ರುತಿ! ಫೋನಿನ ತಂಬೂರಿ ಆ್ಯಪ್ ಒಂದು ಓಡ್ತಾ ಇದೆ, ಹಿಂದೆ ಯಾರೋ ತಾಳ ಜೋಡಿಸಿಕೊಳ್ಳೋ ಸದ್ದು. ಆ 41 ಸೆಕೆಂಡಿಗೆ ಇಡೀ 6 ನಿಮಿಷದ ವಿಡಿಯೊದ ಆದಾಯ ಅವರ ಪಾಲು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಫೋನ್ ಪರದೆ ನೋಡಿ "ನಾವು ಕದ್ದಿದ್ದೀವಿ ಅಂತ ಬರೆದಿದಾರಾ?" ಅಂತ ಕೇಳಿದರು. ಅವರಿಗೆ ಏನು ಹೇಳಬೇಕು? ನಲವತ್ತು ವರ್ಷ ಶನಿವಾರ ಶನಿವಾರ ಹಾಡಿದ ಪದ ಅದು.

ಹೀಗಾಗೋದು ಯಾಕೆ ಅಂತ ಗೊತ್ತಿಲ್ಲದವರಿಗೆ: ಕಂಪನಿ ತನ್ನ ಆಲ್ಬಂನ ಧ್ವನಿಯನ್ನು ತಾಣಕ್ಕೆ ಮಾದರಿಯಾಗಿ ಕೊಟ್ಟಿರುತ್ತೆ. ತಾಣದ ಯಂತ್ರ, ಅಂದರೆ ತಾನಾಗಿ ಓಡೋ ತಂತ್ರಾಂಶ, ಹೊಸ ವಿಡಿಯೊ ಎಲ್ಲವನ್ನೂ ಅದಕ್ಕೆ ಹೋಲಿಸುತ್ತೆ. ಆಲ್ಬಂನಲ್ಲೂ ಅದೇ ಆ್ಯಪಿನ ತಂಬೂರಿ, ಅದೇ ಶ್ರುತಿಮಟ್ಟ, ಅದೇ ಲೂಪ್ (ಮತ್ತೆ ಮತ್ತೆ ಓಡೋ ಧ್ವನಿಯ ತುಣುಕು) ಇದ್ದರೆ ಮುಗೀತು, ಹೊಂದಿಕೆ. ಯಾರು ಬೇಕಾದರೂ ಬಳಸಬಹುದಾದ ಲೂಪನ್ನು ಸ್ವಂತದ್ದು ಅಂತ ಮಾದರಿಯಲ್ಲಿ ಸೇರಿಸಕೂಡದು, ತಾಣದ ನಿಯಮವೇ ಹಾಗಿದೆ. ಸೇರಿಸಿದವರನ್ನು ಕೇಳೋರು ಯಾರು?

ಒಂದು ಮಾತು ನ್ಯಾಯವಾಗಿ ಹೇಳಲೇಬೇಕು. ಪದ ಹಳೆಯದಾದರೂ ಧಾಟಿ ಹೊಸದಾಗಿರಬಹುದು. ಎಷ್ಟೋ ದೇವರನಾಮಗಳಿಗೆ ಇವತ್ತು ನಾವು ಹಾಡೋ ಮಟ್ಟು ಕಳೆದ ಶತಮಾನದ ವಿದ್ವಾಂಸರು ಕೂಡಿಸಿದ್ದು, ಅದಕ್ಕೆ ಬೇರೆ ಹಕ್ಕು ಇರಬಹುದು. ಧ್ವನಿಮುದ್ರಣಕ್ಕಂತೂ ಪ್ರತ್ಯೇಕ ಹಕ್ಕು, ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1965ರ ರೆಕಾರ್ಡು 2025ರ ಡಿಸೆಂಬರ್ 31ಕ್ಕೆ ಮುಕ್ತ. ಸಾಹಿತ್ಯ, ಮಟ್ಟು, ಮುದ್ರಣ, ಮೂರೂ ಬೇರೆ. ಇದರಲ್ಲಿ ಯಾವುದು ನಿಮ್ಮದು ಅಂತ ಹೇಳಿ ಸಾಕು, ತೆಗೆದು ಹಾಕ್ತೀವಿ. ಅದನ್ನೇ ಹೇಳಲ್ಲ!

ಬಿಟ್ಟುಬಿಡಿ ಅನ್ನೋರೂ ಇದಾರೆ. ತಿಂಗಳಿಗೆ ಬರೋದು ಎಷ್ಟು ಅಂತ ಹೋರಾಡೋದು? ಅದೂ ನಿಜವೇ. ಆದರೆ ಬಿಟ್ಟರೆ ಆ ಕ್ಲೇಮ್ ಅಲ್ಲೇ ಕೂತಿರುತ್ತೆ, ನಾಳೆ ಇನ್ನೊಂದು ಮಂಡಳಿಗೂ ಅದೇ ಗತಿ. ಅದಕ್ಕೇ ಹೇಳೋದು, ಕ್ಲೇಮ್ ಬಂದ 5 ದಿನದೊಳಗೆ ಆಕ್ಷೇಪ ಹಾಕಿ, ಆಗ ಮೊದಲ ದಿನದಿಂದಲೇ ದುಡ್ಡು ತಡೆಹಿಡಿದಿರುತ್ತಾರೆ. ತಡವಾದರೆ ಆಕ್ಷೇಪ ಹಾಕಿದ ದಿನದಿಂದ ಮಾತ್ರ. ಆಕ್ಷೇಪದಲ್ಲಿ ಗೋಳು ಬರೆಯಬೇಡಿ. ಪದಕರ್ತರು ಯಾರು, ಕಾಲ ಯಾವುದು, ಹಾಡಿದವರು, ನುಡಿಸಿದವರು, ಶ್ರುತಿ ಯಾವ ಆ್ಯಪಿನದು, ಅದರ ಪರವಾನಗಿ ಏನು, ಹೊಂದಿಕೆಯಾದ ಸೆಕೆಂಡುಗಳಲ್ಲಿ ಏನು ಕೇಳಿಸುತ್ತೆ, ಇಷ್ಟು ಬರೆಯಿರಿ. ಮೂಲ ಫೈಲನ್ನು ಅಳಿಸಲೇಬೇಡಿ. ಉತ್ತರ ಕೊಡೋಕೆ ಕಂಪನಿಗೆ 30 ದಿನ ಗಡುವು. ತಿರಸ್ಕರಿಸಿದರೆ ಅಪೀಲು ಹಾಕಿ, ಅದಕ್ಕೆ ಉತ್ತರಿಸಲು ಅವರಿಗೆ 7 ದಿನ.

ಇಲ್ಲೇ ಎಲ್ಲರೂ ಹೆದರಿ ಹಿಂದೆ ಸರಿಯೋದು. ಅಪೀಲನ್ನೂ ಒಪ್ಪದೆ ಅವರು ವಿಡಿಯೊ ತೆಗೆಸಿದರೆ ಚಾನೆಲ್‌ಗೆ ಒಂದು ಸ್ಟ್ರೈಕ್, ಅಂದರೆ ಹಕ್ಕು ಮುರಿದಿದ್ದೀರಿ ಅನ್ನೋ ಕಪ್ಪುಚುಕ್ಕೆ, 90 ದಿನ ಇರುತ್ತೆ. ಮೂರಾದರೆ ಚಾನೆಲ್ಲೇ ಇಲ್ಲ. ಆಮೇಲೆ ವಿಡಿಯೊ ತೆಗೆಸಿದ್ದು ತಪ್ಪು ಅಂತ ಪ್ರತಿನೋಟಿಸು ಕೊಡಬೇಕು, ಅಮೆರಿಕದ ಕಾನೂನಿನಡಿ, ನಿಜವಾದ ಹೆಸರು ವಿಳಾಸದ ಜೊತೆ, ಅಲ್ಲಿನ ಕೋರ್ಟಿನ ಅಧಿಕಾರ ಒಪ್ಪಿಕೊಂಡು. 10 ಕೆಲಸದ ದಿನದೊಳಗೆ ಅವರು ಕೇಸು ಹಾಕದಿದ್ದರೆ ವಿಡಿಯೊ ವಾಪಸ್. ಕ್ಯಾಲಿಫೋರ್ನಿಯಾದ ಕೋರ್ಟಿಗೆ ಒಪ್ಪಿಗೆ ಅಂತ ಓದಿದ ಮೇಲೆ ಭಜನಾ ಮಂಡಳಿಯ ಯಾವ ಹೆಂಗಸು ಸಹಿ ಹಾಕ್ತಾಳೆ?

ನಮ್ಮ ಕಾನೂನಿನಲ್ಲಿ ಇಷ್ಟು ಅನ್ಯಾಯ ಇಲ್ಲ, ಅದೇ ಇನ್ನೂ ಸಂಕಟ. 2013ರ ಕಾಪಿರೈಟ್ ನಿಯಮಾವಳಿಯ 75ನೇ ನಿಯಮ ತೆಗೆದು ನೋಡಿ. ದೂರುದಾರ ತನ್ನ ಹಕ್ಕಿನ ವಿವರ ಬರೆದು ಕೊಡಬೇಕು, ಕೋರ್ಟಿಗೆ ಹೋಗಿ 21 ದಿನದೊಳಗೆ ಆದೇಶ ತರುತ್ತೇನೆ ಅಂತ ಮುಚ್ಚಳಿಕೆ ಬರೆದು ಕೊಡಬೇಕು. ತಾಣ 36 ಗಂಟೆಯಲ್ಲಿ ತಡೆಹಿಡಿಯಬೇಕು, ಆದೇಶ ಬಾರದಿದ್ದರೆ ಮತ್ತೆ ತೆರೆಯಬಹುದು. ಆಧಾರವಿಲ್ಲದ ಬೆದರಿಕೆ ಹಾಕಿದವನ ಮೇಲೆ ಕಾಪಿರೈಟ್ ಕಾಯ್ದೆಯ 60ನೇ ಸೆಕ್ಷನ್‌ನಡಿ ದಾವೆ ಹೂಡಿ ನಷ್ಟ ಕೇಳಬಹುದು. ಆದರೆ ಯಂತ್ರದ ಕ್ಲೇಮು "ದೂರು" ಅಲ್ಲವಂತೆ, ತಾಣದ ಒಪ್ಪಂದದ ಪ್ರಕಾರ ನಡೆಯೋ ವ್ಯವಸ್ಥೆಯಂತೆ. ವಿಡಿಯೊ ತೆಗೆದೇ ಇಲ್ಲ, ದುಡ್ಡು ಮಾತ್ರ ತಿರುಗಿಸಿದ್ದೇವೆ ಅಂತಾರೆ. ಹೀಗೆ 75ನೇ ನಿಯಮವನ್ನು ಮುಟ್ಟದೇ ಪಕ್ಕದಲ್ಲಿ ದಾಟಿ ಹೋಗ್ತಾರೆ. ಬೇರೆಯವರು ಹಾಕಿದ್ದಕ್ಕೆ ತಾಣ ಹೊಣೆಯಲ್ಲ ಅನ್ನೋ ಐಟಿ ಕಾಯ್ದೆಯ 79ನೇ ಸೆಕ್ಷನ್ ರಕ್ಷಣೆ ತಾಣಕ್ಕಿದೆ, ಕಂಪನಿಗೆ ಯಂತ್ರದ ಮರೆ ಇದೆ.

ಹಾಗಾದರೆ ಹೊಣೆ ಯಾರದ್ದು? ಇದನ್ನೇ ಯಾರಾದರೂ ಹೇಳಿ. ತಾಣದ ಕುಂದುಕೊರತೆ ಅಧಿಕಾರಿಗೆ ಬರೆದರೆ 24 ಗಂಟೆಯಲ್ಲಿ ಸ್ವೀಕೃತಿ ಬರುತ್ತೆ, ಆಮೇಲೆ "ಹಕ್ಕುದಾರರನ್ನು ಸಂಪರ್ಕಿಸಿ". ಹಕ್ಕುದಾರರ ಇಮೇಲಿಗೆ ಬರೆದರೆ ಬೌನ್ಸ್. ಅಧಿಕಾರಿಯ ಉತ್ತರ ಬಂದ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು, ಅದಕ್ಕೆ ಆನ್‌ಲೈನ್ ಅರ್ಜಿ ಸಾಕು. ಹಾಕೋದೇ. ಅಲ್ಲಿ ಕಾಪಿರೈಟ್ ದೂರಿನಲ್ಲಿ ಗೆದ್ದವರು ಯಾರಾದರೂ ಇದ್ದರೆ ಅರ್ಜಿಯ ನಕಲು ಕಳಿಸಿಕೊಡಿ, ಹೆಸರು ಅಳಿಸಿಯಾದರೂ ಸರಿ.