ಇಳಿದು ಹತ್ತುವುದು

ಬೀರೂರು ಬಿಟ್ಟು ಶಿವಮೊಗ್ಗದ ಕಡೆ ಹೊರಟ ರೈಲು ತರೀಕೆರೆಯಲ್ಲೋ ಭದ್ರಾವತಿಯಲ್ಲೋ ಸುಮ್ಮನೆ ನಿಂತುಬಿಟ್ಟರೆ ಯಾರೂ ಗಾಬರಿಯಾಗುವುದಿಲ್ಲ. “ಕ್ರಾಸಿಂಗ್ ಇರ್ಬೇಕು ಮಾರಾಯ್ರೆ” ಎಂದು ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಟೀ ಹುಡುಕಿಕೊಂಡು ಇಳಿಯುತ್ತಾರೆ. ಒಂಟಿ ಹಳಿ, ಎದುರಿನದು ಬಂದು ಪಕ್ಕಕ್ಕೆ ಸರಿಯುವ ತನಕ ನಮ್ಮದು ಅಲುಗಾಡುವಂತಿಲ್ಲ. ಅದು ಇಪ್ಪತ್ತು ನಿಮಿಷ ತಡವಾದರೆ ನಮಗೂ ಇಪ್ಪತ್ತು ನಿಮಿಷದ ದಂಡ. ಈ ನ್ಯಾಯ ಗೊತ್ತಿದ್ದವರಿಗೆ ನ್ಯೂಯಾರ್ಕಿನ ಸಬ್‌ವೇ, ಅಂದರೆ ಅಲ್ಲಿನ ಮೆಟ್ರೊ ರೈಲು, ಯಾಕೆ ಕುಂಟುತ್ತದೆ ಎಂದು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಜೋಡಿ ಹಳಿಯೂ ಉಂಟು, ನಾಲ್ಕು ಹಳಿಯೂ ಉಂಟು. ಕ್ರಾಸಿಂಗನ್ನು ಮಾತ್ರ ಅವರೇ ಕೈಯಾರೆ ಮಾಡಿಕೊಂಡಿದ್ದಾರೆ.

ಬ್ರೂಕ್ಲಿನ್‌ನ ಡಿಕ್ಯಾಲ್ಬ್ ಅವೆನ್ಯೂ ಜಂಕ್ಷನ್ನನ್ನೇ ನೋಡಿ. ಗಾಡಿಗಳಿಗೆ ಅಲ್ಲಿ ಅಕ್ಷರಗಳೇ ಹೆಸರು. ಮ್ಯಾನ್‌ಹಟನ್ ಸೇತುವೆಯ ಉತ್ತರದ ಹಳಿಗಳಲ್ಲಿ ಬಿ ಮತ್ತು ಡಿ ಗಾಡಿಗಳು, ದಕ್ಷಿಣದ ಹಳಿಗಳಲ್ಲಿ ಎನ್ ಮತ್ತು ಕ್ಯೂ. ಸೇತುವೆ ಇಳಿದದ್ದೇ ಜೊತೆ ಬದಲು: ಬಿ ಮತ್ತು ಕ್ಯೂ ಬ್ರೈಟನ್ ದಾರಿ ಹಿಡಿದರೆ, ಡಿ ಮತ್ತು ಎನ್ ಫೋರ್ತ್ ಅವೆನ್ಯೂ ಕಡೆಗೆ. ಡಿ ಗಾಡಿ ಹೊರಡುವುದು ದೂರದ ಬ್ರಾಂಕ್ಸ್‌ನಿಂದ. ಅಲ್ಲೆಲ್ಲೋ ಯಾರದೋ ಬ್ಯಾಗು ಬಾಗಿಲಿಗೆ ಸಿಕ್ಕಿ ಅದು ಒಂದು ನಿಮಿಷ ಹಿಂದೆ ಬಿತ್ತು ಅನ್ನಿ. ಅದರ ಬೆನ್ನಿಗೇ ಇರುವ ಬಿ ಕಾಯುತ್ತದೆ. ತಡವಾದ ಬಿ ಬ್ರೈಟನ್ ದಾರಿಗೆ ಸೇರುವಾಗ ಅಲ್ಲಿ ಕ್ಯೂ ಬಂದಿರುತ್ತದೆ. ಎರಡರಲ್ಲಿ ಒಂದು ನಿಲ್ಲಲೇಬೇಕು. ಕ್ಯೂ ನಿಂತರೆ ಅದರ ಹಿಂದಿನ ಎನ್ ಸೇತುವೆಯ ಮೇಲೆ. ಬ್ರಾಂಕ್ಸ್‌ನ ಹೆಸರನ್ನೂ ಎತ್ತದ, ದಾರಿಯ ಇನ್ನೊಂದು ತುದಿಯ ಕೋನಿ ಐಲ್ಯಾಂಡಿನ ಪ್ರಯಾಣಿಕ ಗಡಿಯಾರ ನೋಡಿಕೊಳ್ಳುತ್ತಾನೆ.

ಮದ್ದು ಕಾಗದದ ಮೇಲೆ ಬಹಳ ಸುಲಭ. ಬಿ, ಡಿ ಎರಡನ್ನೂ ಫೋರ್ತ್ ಅವೆನ್ಯೂಗೆ ಬಿಡಿ. ಎನ್, ಕ್ಯೂ ಎರಡನ್ನೂ ಬ್ರೈಟನ್‌ಗೆ. ಅಲ್ಲಿಗೆ ಆ ಜಂಕ್ಷನ್‌ನಲ್ಲಿ ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದು ನಿಂತಿತು. ಹೊಸ ಸುರಂಗ ಬೇಡ, ಹಳಿ ಬೇಡ. ಬಣ್ಣದ ನಕ್ಷೆ ಪಕ್ಕಕ್ಕಿಟ್ಟು ಹಳಿಯ ನಕ್ಷೆ ಹರಡಿ, ಗಾಡಿಗಳು ಕೂಡುವ ಕಡೆಯೆಲ್ಲ ಗುರುತು ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಉಳಿದರ್ಧ ಇರುವುದು, ಸೀದಾ ಗಾಡಿ ತಪ್ಪಿ ನಡುವೆ ಇಳಿದು ಹತ್ತಬೇಕಾದವರ ಮುಖದಲ್ಲಿ. ಈ ಮುಖ ಮಲೆನಾಡಿಗರಿಗೆ ಚೆನ್ನಾಗಿ ಗೊತ್ತು. ಸೀದಾ ಬಸ್ಸು ಸುತ್ತು ಬಳಸಿ ಹೋದರೂ ಸರಿ, ತೀರ್ಥಹಳ್ಳಿಯಲ್ಲಿ ಇಳಿದು ಇನ್ನೊಂದು ಹತ್ತು ಅಂದರೆ ಬೇಡ. ನಮ್ಮಲ್ಲಿ ಅದು ಸೋಮಾರಿತನವಲ್ಲ, ಲೆಕ್ಕ. ಮುಂದಿನ ಬಸ್ಸು ಒಂದು ಗಂಟೆಯ ಮೇಲಿದ್ದರೆ, ಮಳೆಯೂ ಹೊಯ್ಯುತ್ತಿದ್ದರೆ, ಬೋರ್ಡಿನಲ್ಲಿ ಮೂರು ‘ವಯಾ’ ಇರುವ ಬಸ್ಸೇ ಬುದ್ಧಿವಂತರ ಬಸ್ಸು.

ಸಬ್‌ವೇಯ ಲೆಕ್ಕ ಬೇರೆ. ಒಂದು ದಾರಿಯಲ್ಲಿ ಎರಡು ಬಗೆಯ ಗಾಡಿ, ತಲಾ ಆರು ನಿಮಿಷಕ್ಕೊಂದು ಇದ್ದರೆ ನಿಮ್ಮದಕ್ಕೆ ಸರಾಸರಿ ಮೂರು ನಿಮಿಷ ಕಾಯಬೇಕು. ಎಲ್ಲ ಒಂದೇ ಬಗೆಯಾಗಿ ಮೂರು ನಿಮಿಷಕ್ಕೊಂದು ಬಂದರೆ ಒಂದೂವರೆ ನಿಮಿಷ. ಬದಲಾಯಿಸಬೇಕಾದವರಿಗೆ ನಡಿಗೆ ಎರಡು ನಿಮಿಷ, ಮತ್ತೆ ಒಂದೂವರೆ: ಒಟ್ಟು ಐದು. ನಷ್ಟ ಎರಡೇ ನಿಮಿಷ, ಅದೂ ಎಲ್ಲರಿಗಲ್ಲ. ಆದರೆ ಕೂಗು ಕೇಳುವುದು ಎರಡು ನಿಮಿಷ ಕಳೆದುಕೊಂಡವರದ್ದೇ. ಒಂದೂವರೆ ನಿಮಿಷ ಉಳಿಸಿಕೊಂಡವರು ಯಾವ ಊರಲ್ಲೂ ಬಾಯಿ ಬಿಡುವುದಿಲ್ಲ.

ಮೆಟ್ಟಿಲು ಕಿರಿದಾಗಿದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಲಂಡನ್ನಿನ ಮೆಟ್ರೊದ ನಾರ್ದರ್ನ್ ಲೈನ್ ಇದೇ ಕಾಯಿಲೆಯದು: ಉತ್ತರಕ್ಕೆ ಎರಡು ಕವಲು, ನಗರದ ಒಳಗೂ ಎರಡು, ಬೆರೆಯುವುದು ಕ್ಯಾಮ್ಡನ್ ಟೌನ್‌ನಲ್ಲಿ. ಬೇರ್ಪಡಿಸುವ ಮಾತು ಹಳೆಯದು. ಆದರೆ ಬೇರ್ಪಡಿಸಿದರೆ ಜನರೆಲ್ಲ ಅಲ್ಲೇ ಇಳಿದು ಹತ್ತಬೇಕು, ಆ ನಿಲ್ದಾಣದ ಓಣಿಗಳಿಗೆ ಅಷ್ಟು ಜನ ಹಿಡಿಸುವುದಿಲ್ಲ. ಅದೇ ಊರಿನ ಸರ್ಕಲ್ ಲೈನಿನ ತೊಂದರೆ ಇನ್ನೂ ತಮಾಷೆಯದಾಗಿತ್ತು. ದುಂಡಗೆ ಸುತ್ತುವ ಗಾಡಿಗೆ ಕೊನೆಯ ನಿಲ್ದಾಣವೇ ಇಲ್ಲ, ಆದ್ದರಿಂದ ತಡವಾದದ್ದನ್ನು ಸರಿಮಾಡಿಕೊಳ್ಳಲು ಉಸಿರೆಳೆಯುವ ಜಾಗವೂ ಇಲ್ಲ. 2009ರ ಡಿಸೆಂಬರ್‌ನಲ್ಲಿ ಸುತ್ತನ್ನು ಬಿಚ್ಚಿ, ಒಂದು ತುದಿಯನ್ನು ಹ್ಯಾಮರ್‌ಸ್ಮಿತ್‌ಗೆ ಎಳೆದು ಚಕ್ಕುಲಿಯ ಬಾಲದ ಹಾಗೆ ಬಿಟ್ಟರು.

ಕೆನಡಾದ ಟೊರಾಂಟೊದವರು 1966ರಲ್ಲಿ ಆರು ತಿಂಗಳು ತಮ್ಮ ಮೆಟ್ರೊದ ಎಲ್ಲ ದಾರಿಗಳನ್ನೂ ಬೆರೆಸಿ ಓಡಿಸಿ ನೋಡಿದರು. ಬೇ ನಿಲ್ದಾಣದಲ್ಲಿ ಮುಂದಿನ ಗಾಡಿ ಮೇಲಿನ ಪ್ಲಾಟ್‌ಫಾರ್ಮಿಗೋ ಕೆಳಗಿನದಕ್ಕೋ ತಿಳಿಯದೆ ಜನ ನಡುವಿನ ಮೆಟ್ಟಿಲ ಮೇಲೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಸದ್ದು ಬಂದ ಕಡೆಗೆ ಓಟ. ಕೊನೆಗೆ ಬೇರ್ಪಡಿಸಿದರು, ಕೆಳಗಿನ ಪ್ಲಾಟ್‌ಫಾರ್ಮು ಈಗ ಸಿನಿಮಾ ಚಿತ್ರೀಕರಣಕ್ಕೆ ಸಿಗುತ್ತದೆ.

ನಮ್ಮ ಮೆಟ್ರೊ ಶುರುವಿನಿಂದಲೇ ಈ ಗೋಜಿಗೆ ಬೀಳಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ನೇರಳೆಯೂ ಹಸಿರೂ ಒಂದರ ಕೆಳಗೊಂದು ಹಾದುಹೋಗುತ್ತವೆ, ಒಂದರ ಗಾಡಿ ಇನ್ನೊಂದರ ದಾರಿಗೆ ಬರುವುದಿಲ್ಲ. ಆದರೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಹಸಿರಿನಿಂದ ಆರ್.ವಿ. ರಸ್ತೆಯಲ್ಲಿ ಇಳಿದವರಿಗೆ ಒಂದು ತಪ್ಪಿದರೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡೇ ನೆನಪಾಗಬೇಕು. ಅಷ್ಟು ಹೊತ್ತಿಗೊಂದು ಗಾಡಿ ಇರುವ ಕಡೆ ಇಳಿದು ಹತ್ತಿ ಎನ್ನುವವರ ಮಾತನ್ನು ಯಾರೂ ಕೇಳಬೇಕಾಗಿಲ್ಲ.

ಮೂರು ನಿಮಿಷಕ್ಕೊಂದು ಬರುವ ಕಡೆಯೂ ಒಂದು ಷರತ್ತು ಇಡಬೇಕು. ತಾಳಗುಪ್ಪದ ರಾತ್ರಿ ರೈಲು ಇಳಿದು ಮೆಟ್ರೊಗೆ ಬರುವ ಸಾಗರದ ಅಮ್ಮನ ಚೀಲದಲ್ಲಿ ಮಗಳ ಮನೆಗೆಂದು ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ ಇರುತ್ತದೆ. ಅದನ್ನು ಓರೆ ಮಾಡುವಂತಿಲ್ಲ. ಲಿಫ್ಟ್ ಎಲ್ಲಿದೆ ಎನ್ನುವ ಬಾಣದ ಗುರುತು, ಆಕೆ ಜಾಡಿ ಕೆಳಗಿಡುವ ಮೊದಲೇ ಕಣ್ಣಿಗೆ ಬೀಳುವಂತಿರಬೇಕು.