ಸಗೋತ್ರದ ಬೆಸುಗೆ

ಸಂಡೂರಿನ ಗುಡ್ಡಗಳಿಂದ ತೋರಣಗಲ್ಲಿಗೆ ಅದಿರು ಹೊರುವ ನನ್ನ ತಮ್ಮನ ಲಾರಿ, ಹೋದ ಬೇಸಿಗೆಯಲ್ಲಿ ಏರು ಹತ್ತುವಾಗಲೆಲ್ಲ ಸೀಟಿ ಹೊಡೆಯತೊಡಗಿತು. ಕೆಳಗೆ ಮಲಗಿ, ಮೇಲೆ ಹತ್ತಿ, ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಬಾಯಿ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳದಿಂದ ಹೊರಚಾಚಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋಗೆ ಹೋಗುವ ರಬ್ಬರ್ ಹೋಸಿಗೆ ಆತುಕೊಳ್ಳುವ ಆ ಬಾಯಿ ಅರ್ಧ ಸುತ್ತು ಸೀಳಿತ್ತು. ವರ್ಷಗಟ್ಟಲೆ ಬಳ್ಳಾರಿಯ ಬಿಸಿಲನ್ನೂ ಎಂಜಿನ್ನಿನ ಕಾವನ್ನೂ ಉಂಡು ಪೆಡಸಾದ ಪ್ಲಾಸ್ಟಿಕ್ಕಿನ ಮೇಲೆ ಹೋಸಿನ ಕ್ಲಿಪ್ಪನ್ನು ಯಾರೋ ಪುಣ್ಯಾತ್ಮರು ತಮ್ಮ ಶಕ್ತಿಯಿದ್ದಷ್ಟೂ ಬಿಗಿದಿದ್ದರು. ಆ ಪುಣ್ಯಾತ್ಮ ತಾನೇ ಎಂಬುದನ್ನು ತಮ್ಮ ಇನ್ನೂ ಒಪ್ಪಿಕೊಂಡಿಲ್ಲ.

ಲಾರಿಯವರು ಡೀಸೆಲ್ಲಿನ ಲೆಕ್ಕವನ್ನು ಹನಿ ಹನಿಗೂ ಇಡುತ್ತಾರೆ, ಉಸಿರಿನ ಲೆಕ್ಕವನ್ನು ಮಾತ್ರ ಯಾರೂ ಇಡುವುದಿಲ್ಲ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಏನಿಲ್ಲವೆಂದರೂ 10,000 ಲೀಟರಿನಷ್ಟು ಗಾಳಿ ಬೇಕು. ಅಷ್ಟೂ ಗಾಳಿ ಆ ಒಂದು ಬಾಯಿಯಿಂದಲೇ ಹಾಯಬೇಕು. ಸೀಳು ಫಿಲ್ಟರಿಗಿಂತ ಮೊದಲೇ ಬಿದ್ದಿದ್ದರೆ ಧೂಳು ಫಿಲ್ಟರಿನಲ್ಲಿ ತಡೆದು ನಿಲ್ಲುತ್ತಿತ್ತು. ಇಲ್ಲಿ ಸೀಳಿದ್ದು ಫಿಲ್ಟರ್ ದಾಟಿದ ಮೇಲೆ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಮನೆಯಂತೆ, ಅದಿರಿನ ಧೂಳು ನೇರವಾಗಿ ಒಳಗೆ ಹೋಗುತ್ತಿತ್ತು. ಆ ಧೂಳು ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಒಳಗೋಡೆಯಾದ ಲೈನರನ್ನೂ ಉಪ್ಪುಕಾಗದದಂತೆ ತಿಕ್ಕುತ್ತದೆ. ಹೋಸಿನೊಳಗೆ ಬಿಳಿ ಬಟ್ಟೆ ಆಡಿಸಿ ತೆಗೆದಾಗ ಅದರ ಮೇಲೆ ಕುಂಕುಮ ಎಳೆದಂತೆ ಒಂದು ಗೆರೆ ಮೂಡಿತ್ತು. ತಮ್ಮನ ಮುಖ ಮಾತ್ರ ಬಿಳಿಚಿಕೊಂಡಿತು.

ಅಂಗಡಿಯಲ್ಲಿ ಮುಚ್ಚಳವೊಂದನ್ನೇ ಕೊಡುವುದಿಲ್ಲ, ಇಡೀ ಡಬ್ಬಿಯನ್ನೇ ಕೊಳ್ಳಬೇಕು, ಅದೂ ಬರಲು ನಾಲ್ಕು ದಿನ. ಹಾಗಾಗಿ ಎಂಸೀಲ್ ಕಲಸಿ ಮೆತ್ತಿದೆವು. ಮರುದಿನ ಅದು, ಕಾದ ಹಂಚಿನ ಮೇಲಿಂದ ರೊಟ್ಟಿ ಏಳುವಂತೆ, ಇಡಿಯಾಗಿ ಎದ್ದು ಕೈಗೆ ಬಂತು.

ಕೊನೆಗೆ ನಮ್ಮನ್ನು ಕಾಪಾಡಿದವರು ಬಳ್ಳಾರಿಯಲ್ಲಿ ಒಡೆದ ಕೊಡ, ಬಕೆಟ್ಟು, ಬಂಪರುಗಳಿಗೆ ಬೆಸುಗೆ ಹಾಕುವ ಒಬ್ಬ ಹಿರಿಯರು. ಮುಚ್ಚಳವನ್ನು ಮಗುಚಿ, ಕಣ್ಣು ಕಿರಿದಾಗಿಸಿ, “ಮೊದ್ಲು ಇದ್ರ ಕುಲ ನೋಡ್ಬೇಕ್ರಿ ಸಾರ್” ಎಂದರು. ಒಳಮೈಯಲ್ಲಿ ‘ಪಿಪಿ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಅಚ್ಚೊತ್ತಿದ್ದವು, ಎಂದರೆ ಪಾಲಿಪ್ರೊಪಿಲೀನ್. ಯಾವ ಅಂಟನ್ನೂ ಸುಲಭವಾಗಿ ಹತ್ತಿರ ಸೇರಿಸದ ಪ್ಲಾಸ್ಟಿಕ್ ಇದು. ಕರಗಿಸಿ ಬೆರೆಸಬೇಕು, ಅದೂ ತನ್ನದೇ ಕುಲದ ಪ್ಲಾಸ್ಟಿಕ್ಕಿನೊಂದಿಗೆ. ಪಿಪಿ 165 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ನೀರಾಗುವಾಗ ಕೆಲವು ನೈಲಾನುಗಳು 260 ಡಿಗ್ರಿ ದಾಟದೆ ಮಿಸುಕುವುದೇ ಇಲ್ಲ, ಇನ್ನು ಅವೆರಡರ ಕೂಡಿಕೆಯೆಲ್ಲಿ? ನಮ್ಮ ಮದುವೆಗಳಲ್ಲಿ ಸಗೋತ್ರ ಕೂಡದೆಂದು ಪಂಚಾಂಗ ಬಿಚ್ಚುವ ಹಿರಿಯರಿದ್ದಾರೆ. ಪ್ಲಾಸ್ಟಿಕ್ಕಿನಲ್ಲಿ ಸಗೋತ್ರವಲ್ಲದ ಸಂಬಂಧ ಒಂದು ವಾರವೂ ಬಾಳದು.

ಪಿಪಿ ಸಾಮಾನಿನ ತಳದಲ್ಲಿ ಸಾಮಾನ್ಯವಾಗಿ ತ್ರಿಕೋನದೊಳಗೆ 5 ಎಂಬ ಅಂಕಿ ಇರುತ್ತದೆಯೆಂದು ಅವರಿಂದ ತಿಳಿದು ಮನೆಗೆ ಬಂದವನು, ಡಬ್ಬಿ, ಬುಟ್ಟಿ, ಕುರ್ಚಿ ಎಲ್ಲವನ್ನೂ ತಲೆಕೆಳಗು ಮಾಡಿದೆ. ಉಪ್ಪಿನಕಾಯಿ ಡಬ್ಬಿಯ ತಳದಲ್ಲಿ 1 ಇತ್ತು. ಅದನ್ನು ಮಗುಚಿದ್ದಕ್ಕೆ ನನ್ನ ಹೆಂಡತಿ ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಕೊನೆಗೆ ಬಚ್ಚಲಲ್ಲಿ, ಅಂಚು ಸೀಳಿ ಮೂಲೆ ಸೇರಿದ್ದ ನೀಲಿ ಬಕೆಟ್ಟಿನ ತಳದಲ್ಲಿ ಐದು ದರ್ಶನ ಕೊಟ್ಟಿತು.

ಆ ಹಿರಿಯರು ಬಕೆಟ್ಟಿನ ಅಂಚನ್ನು ಕಡ್ಡಿಕಡ್ಡಿಯಾಗಿ ಸೀಳಿಕೊಂಡರು. ಸೀಳು ಮುಂದಕ್ಕೆ ಓಡದಂತೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದರು. ಬಾಯಿ ದುಂಡಗೆ ನಿಲ್ಲಲೆಂದು ಒಳಗೆ ಒಂದು ಸ್ಟೀಲ್ ಡಬ್ಬಿ ತುರುಕಿ, ಬೆಸುಗೆಯ ಕಾದ ಸಲಾಕೆಯಾದ ಕಾವಿಯಿಂದ ಸೀಳಿನ ಅಂಚನ್ನೂ ನೀಲಿ ಕಡ್ಡಿಯನ್ನೂ ಒಟ್ಟಿಗೆ ಕರಗಿಸಿ, ದೋಸೆಯ ತೂತು ಮುಚ್ಚುವವರ ತಾಳ್ಮೆಯಿಂದ ತೀಡಿದರು. ಹೊಗೆ ಎದ್ದರೆ ಕಾವಿಯನ್ನು ಹಿಂದೆಗೆದು ಕಾಯುತ್ತಿದ್ದರು, ಸುಟ್ಟ ಪ್ಲಾಸ್ಟಿಕ್ ಹಿಡಿಯುವುದಿಲ್ಲವಂತೆ. ಬಲಕ್ಕೆಂದು ತಂತಿಯ ಬಲೆಯೊಂದನ್ನು ಹುದುಗಿಸಿದ್ದು ಹೊರಮೈಯಲ್ಲಿ ಮಾತ್ರ, ಒಳಗೆ ಒಂದು ಎಳೆಯನ್ನೂ ಬಿಡಲಿಲ್ಲ. ಮುಂದಿರುವ ಟರ್ಬೋದ ರೆಕ್ಕೆ ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ಹಾಕುವಂಥದ್ದು. ಸಾಸಿವೆಯಷ್ಟು ಚೂರು ಹೋದರೂ ರೆಕ್ಕೆ ಉಳಿಯದು. ಆದ್ದರಿಂದ ಕೊರೆದ ಪುಡಿಯನ್ನು ಅವರು ಮೂರು ಸಲ ಒರೆಸಿದರು. ನಾಲ್ಕನೆಯ ಸಲ ತಮ್ಮ ಒರೆಸಿದ, ಪಶ್ಚಾತ್ತಾಪದಿಂದಲೇ ಇರಬೇಕು.

ಮುಚ್ಚಳ ಕೂರಿಸಿ, ಕ್ಲಿಪ್ಪನ್ನು ಹದವಾಗಿ ಬಿಗಿದು, ಎಂಜಿನ್ ಶುರು ಮಾಡಿದೆವು. ಸೋಪಿನ ನೀರು ಸವರೋಣವೆಂದೆ. ಇಲ್ಲಿ ಗಾಳಿ ಹೊರಗೆ ಬರುವುದಿಲ್ಲ, ಒಳಗೆ ಎಳೆಯುತ್ತದೆ, ಗುಳ್ಳೆ ಏಳುವುದಾದರೂ ಎಲ್ಲಿಂದ ಎಂದು ಹಿರಿಯರು ನಕ್ಕರು. ನನ್ನ ತಮ್ಮ ಕ್ಯಾಬಿನ್ನಿನ ದೇವರ ಪಟದ ಮುಂದಿದ್ದ ಊದಿನಕಡ್ಡಿಯನ್ನೇ ಕಿತ್ತು ತಂದು ಬೆಸುಗೆಯ ಸುತ್ತ ಆಡಿಸಿದ. ಹೊಗೆ ಎಲ್ಲಿಯೂ ಒಳಕ್ಕೆ ಬಾಗದೆ ನೆಟ್ಟಗೆ ಮೇಲೇರಿತು. ಇನ್ನೊಂದು ಸುತ್ತು ಆಡಿಸಿದ, ಆಗಲೂ ಬಾಗಲಿಲ್ಲ.

ಅಂಚು ಕಳೆದುಕೊಂಡ ಬಕೆಟ್ಟಿನಲ್ಲಿ ಈಗ ಮನೆಯ ಮುಂದೆ ಕರಿಬೇವು ಚಿಗುರಿದೆ. ಅದರ ನೀಲಿ ಅಂಚು ಮಾತ್ರ ದಿನಕ್ಕೆರಡು ಸಲ ತೋರಣಗಲ್ಲಿಗೆ ಹೋಗಿ ಬರುತ್ತದೆ.